ನಗಿಸದೇ ಇರೋ ಜಾಗ

ಜೂನ್ 4, ಬುಧವಾರ

ಗಾಳಿ ದಕ್ಷಿಣದಿಂದ. ಜೂನ್ ಬಂತೆಂದರೆ ನಮ್ಮಲ್ಲಿ ಚಳಿಗಾಲ, ಬೆಳಗ್ಗೆ ಹುಲ್ಲಿನ ಮೇಲೆ ಹಿಮ. ಸಂತೆಯಲ್ಲಿ ಮರಿಗಳಿಗೆ ಒಳ್ಳೆಯ ದರ, ಮುದಿ ಕುರಿಗಳಿಗೆ ಗಿರಾಕಿಯಿಲ್ಲ.

ಗೊಬ್ಬರದ ಕಂಪನಿಯವರು ವರ್ಷವರ್ಷ ಕೊಡುವ ಈ ಡೈರಿಯಲ್ಲಿ ಇಷ್ಟು ಕಾಲ ಇದಕ್ಕಿಂತ ಹೆಚ್ಚು ಬರೆದವನಲ್ಲ. ಹರಾಜು ಕೂಗುವವನು ದಿನವಿಡೀ ಮಾತಾಡಿಯೇ ಅನ್ನ ಸಂಪಾದಿಸುತ್ತಾನೆ. ಮನೆಗೆ ಬಂದು ಕಾಗದದ ಜೊತೆಯೂ ಮಾತಾಡುವುದೆಂದರೆ ಅಡುಗೆಭಟ್ಟ ರಜೆಯ ದಿನ ನಾಲ್ಕು ಮಂದಿಗೆ ಊಟಕ್ಕೆ ಹೇಳಿದ ಹಾಗೆ. ಆದರೆ ಇವತ್ತಿನದನ್ನು ಹೇಳಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ.

ನೋಲೀನ್ ಇವತ್ತೂ ಸಂತೆಯ ಕ್ಯಾಂಟೀನಿಗೆ ಬರಲಿಲ್ಲ. ಈ ಪುಕೆಮಾನು ಸಂತೆಗೆ ರೈತರು ಅರ್ಧ ಬರುವುದು ಕುರಿಗಾಗಿ, ಇನ್ನರ್ಧ ನನ್ನ ಹೆಂಡತಿ ಬೇಯಿಸುವ ಬನ್ನಿನಂಥ ಸ್ಕೋನ್‌ಗಾಗಿ. ಎಲ್ಲರಿಗೂ ಫ್ಲೂ ಎಂದು ಹೇಳಿದ್ದೇನೆ. ಕ್ಯಾಂಟೀನಿನಲ್ಲಿ ಅವಳ ಜೊತೆಗಾತಿ ಮೆರ್ಲ್ ಚಹಾ ಸುರಿಯುತ್ತಾ ಓರೆಗಣ್ಣಲ್ಲಿ ನೋಡಿದಳು. "ಇದೆಂಥ ಫ್ಲೂ ಮಹರಾಯ, ಈಸ್ಟರ್‌ನಿಂದ ಹಿಡ್ಕೊಂಡಿದೆ?" ನಾನೊಂದು ಜೋಕು ಹೊಡೆದೆ, ನಕ್ಕರು, ಮುಗಿಯಿತು. ಜನ ನನ್ನ ಮಾತು ನಂಬುತ್ತಾರೆ. ಹದಿನೈದರ ವಯಸ್ಸಿಗೆ ಈ ದೊಡ್ಡಿಗಳ ಗೇಟು ತೆಗೆಯಲು ಬಂದವನು ಇವತ್ತು ಅವುಗಳ ಮೇಲೆ ಹಾಸಿದ ಹಲಗೆಯಲ್ಲಿ ನಿಂತು ಸವಾಲು ಕೂಗುತ್ತಿದ್ದರೆ, ಆ ನಂಬಿಕೆಯೇ ನನ್ನ ಬಂಡವಾಳ.

ಮನೆಗೆ ಬಂದಾಗ ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಳು. ಯಂತ್ರದೊಳಗೆ ಬಟ್ಟೆ ಒದ್ದೆಯಾಗಿ ಬಿದ್ದು ವಾಸನೆ ಬಂದಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ. ಕಾರಣವೇನೆಂದು ಜಮಾ-ಖರ್ಚು ನೋಡಿದೆ. ಮಕ್ಕಳು ಸುಖವಾಗಿದ್ದಾರೆ. ಮನೆ ನಮ್ಮದು. ನಾನು ಕುಡುಕನಲ್ಲ. ಎರಡೂ ಬದಿ ತಾಳೆಯಾಗುತ್ತವೆ. ಆದರೂ ಅವಳು ಬಕೆಟ್ಟಿನ ಮೇಲೆ.

ಆಲೂಗಡ್ಡೆ ಸುಲಿಯುತ್ತಾ ಅಂದಳು: "ನಾನಿಲ್ದಿದ್ರೆ ನಿಂಗೆ ಸುಲಭ ಆಗ್ತಿತ್ತು, ಲೈಲ್."

"ಆಲೂಗಡ್ಡೆ ಯಾರು ಸುಲೀತಿದ್ರು ಹಾಗಾದ್ರೆ?" ಅಂದೆ.

ಅವಳು ನಗಲಿಲ್ಲ. ಜೋಕೇನೂ ಕೆಟ್ಟದಾಗಿರಲಿಲ್ಲ.

ಜೂನ್ 9, ಸೋಮವಾರ

ನಮ್ಮ ಡಾಕ್ಟರ ಸರದಿ ಸಿಗುವುದು ಮುಂದಿನ ತಿಂಗಳು. ಅಷ್ಟು ಕಾಯುವಂತಿಲ್ಲವಾದರೆ ಇವರನ್ನು ಕೇಳಿ ಎಂದು ಅಲ್ಲಿಯ ಹುಡುಗಿ ಮಾನಸಿಕ ಆರೋಗ್ಯದ ತುರ್ತು ತಂಡದ ನಂಬರು ಬರೆದುಕೊಟ್ಟಿದ್ದಳು. ಚೀಟಿಯನ್ನು ಟೋಪಿಯ ಪಟ್ಟಿಯಲ್ಲಿ ಸಿಕ್ಕಿಸಿಕೊಂಡೇ ಓಡಾಡಿದೆ. ತುರ್ತು ಎಂದರೆ ಬೆಂಕಿ, ನೆರೆ. ಹೆಂಗಸೊಬ್ಬಳು ಬಟ್ಟೆ ಒಗೆಯದಿದ್ದರೆ ಅದಕ್ಕೊಂದು ತಂಡವೇ ಎಂದುಕೊಂಡೆ.

ಇವತ್ತು ಮೆರ್ಲ್ ಬಂದು ಹೋದಮೇಲೆ ಗೊತ್ತಾಯಿತು, ನೋಲೀನ್ ಅವಳಿಗೆ ಸ್ಕೋನ್ ಕತ್ತರಿಸುವ ಅಚ್ಚು ಕೊಟ್ಟು ಕಳಿಸಿದ್ದಾಳೆ. ಅದು ಅವಳ ಅಜ್ಜಿಯದು. ಸ್ವಂತ ಮಗಳು ಕೇಳಿದರೂ ಕೊಟ್ಟಿರಲಿಲ್ಲ. ಯಾಕೆ ಕೊಟ್ಟೆ ಎಂದರೆ, "ಉಪಯೋಗಿಸೋರ ಹತ್ರ ಇರ್ಲಿ" ಅಂದಳು. ಮಂದೆ ಮಾರುವವರನ್ನು ಬಹಳ ನೋಡಿದ್ದೇನೆ. ಮೇಯಿಸುವುದನ್ನೇ ನಿಲ್ಲಿಸುತ್ತೇನೆ ಎನ್ನುವವನು ಮೊದಲು ಮಾರುವುದು ಮಂದೆ ಕಾಯುವ ಒಳ್ಳೆಯ ನಾಯಿಯನ್ನು.

ಕೊಟ್ಟಿಗೆಗೆ ಹೋಗಿ ಫೋನು ಮಾಡಿದೆ. ಹೆಂಗಸಿನ ದನಿ. ನೋಲೀನಳ ವಯಸ್ಸು ಕೇಳಿದಳು. "ಐವತ್ತೆಂಟು, ಹಲ್ಲು ಗಟ್ಟಿ, ಮೊದಲಿಂದ ಒಬ್ಬನೇ ಯಜಮಾನ" ಅಂದೆ. ಆಚೆಯಿಂದ ನಗು ಬರಲಿಲ್ಲ, ಬೇಸರವೂ ಮಾಡಿಕೊಳ್ಳಲಿಲ್ಲ. ಊಟ, ನಿದ್ದೆ, ಕುಡಿತ, ಮಾತ್ರೆ ಎಲ್ಲ ಕೇಳಿ, ಅದೇ ದನಿಯಲ್ಲಿ, ಹವಾಮಾನ ಕೇಳಿದ ಹಾಗೆ ಕೇಳಿದಳು: "ಸಾಯೋ ಮಾತು ಆಡಿದ್ದಾರಾ?"

ಈ ಪ್ರಶ್ನೆಯನ್ನು ಯಾರಾದರೂ ಇಷ್ಟು ನೇರವಾಗಿ ಕೇಳಬಹುದೆಂದು ನನಗೆ ತಿಳಿದಿರಲಿಲ್ಲ. ಹಾಗೇನಿಲ್ಲ, ಸ್ವಲ್ಪ ಮಂಕಾಗಿದ್ದಾಳೆ ಅಷ್ಟೇ ಅಂದೆ. ನಾಳೆ ಇಬ್ಬರು ಮನೆಗೆ ಬರುತ್ತಾರಂತೆ. ಅಷ್ಟರೊಳಗೆ ಏನಾದರೂ ಬದಲಾದರೆ ಕಾಯದೆ ಮತ್ತೆ ಇದೇ ನಂಬರಿಗೆ ಮಾಡಬೇಕಂತೆ, ತೀರಾ ಅಪಾಯ ಅನ್ನಿಸಿದರೆ ಆಂಬುಲೆನ್ಸಿಗೆ.

ಜೂನ್ 10, ಮಂಗಳವಾರ

ಕುರಿಯನ್ನು ಸಂತೆಗೆ ತರುವ ಮುಂಚೆ ಹಿಂಭಾಗದ ಕೊಳಕು ಉಣ್ಣೆ ಕತ್ತರಿಸುವುದು ನಮ್ಮಲ್ಲಿ ವಾಡಿಕೆ. ಅದು ಮೋಸವಲ್ಲ, ಮರ್ಯಾದೆ. ಕೊಳೆ ಮೆತ್ತಿಕೊಂಡ ಕುರಿಯನ್ನು ನಾಲ್ಕು ಜನರೆದುರು ನಿಲ್ಲಿಸುವವನನ್ನು ಯಾರೂ ಮನುಷ್ಯನೆನ್ನುವುದಿಲ್ಲ.

ಅದೇ ಲೆಕ್ಕದಲ್ಲಿ ಬೆಳಗ್ಗೆಯೇ ಎದ್ದು ಮನೆ ಗುಡಿಸಿದೆ. ನಾತ ಹಿಡಿದ ಬಟ್ಟೆಯನ್ನು ಮತ್ತೊಮ್ಮೆ ಒಗೆದು ಒಣಹಾಕಿದೆ. ಒಲೆ ಹಚ್ಚಿದೆ. ಮದುವೆಗೆ ಬಂದ ಕಪ್ಪುಗಳನ್ನು ಇಳಿಸಿದೆ. ನೋಲೀನಳ ನೀಲಿ ಅಂಗಿಗೆ ಇಸ್ತ್ರಿ ಹಾಕಿ, ಅವಳನ್ನು ಕಿಟಕಿಯ ಪಕ್ಕ, ಬೆಳಕು ಕೆನ್ನೆಗೆ ಬೀಳುವ ಹಾಗೆ ಕೂರಿಸಿದೆ. ಎಲ್ಲಕ್ಕೂ ಹೂಂ ಅಂದಳು.

ಬಂದವರು ನೈರಿ ಎಂಬ ಮಾವೋರಿ ಹೆಂಗಸು, ನನ್ನಷ್ಟೇ ವಯಸ್ಸಿನವಳು. ಜೊತೆಗೆ ಟವಿಟಾ ಎಂಬ ಸಮೋವಾದವ, ಬಾಗಿಲಿನಷ್ಟೇ ಅಗಲ. ಇಬ್ಬರೂ ನರ್ಸುಗಳು. ಸಮವಸ್ತ್ರವಿಲ್ಲ, ಕಾರಿನ ಮೇಲೆ ಹೆಸರಿಲ್ಲ. ಅಕ್ಕಪಕ್ಕದವರು ವಿಮೆಯವರೆಂದುಕೊಂಡಿರಬೇಕು. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಟವಿಟಾನ ಕಾಲುಚೀಲದ ತುಂಬ ಅನಾನಸು ಹಣ್ಣಿನ ಚಿತ್ರ.

ನೈರಿ ನೋಲೀನಳನ್ನು ಕೇಳಿದಳು, ನಾನು ಉತ್ತರ ಹೇಳಿದೆ. ನಿದ್ದೆ? ಸುಧಾರಿಸುತ್ತಿದೆ. ಊಟ? ಹಕ್ಕಿಯಂತೆ ತಿನ್ನುತ್ತಾಳೆ, ಆದರೆ ಹಕ್ಕಿಗಳೂ ಬದುಕುತ್ತವಲ್ಲ. ಟವಿಟಾ ನಕ್ಕ. ನೋಲೀನ್ ಕೂಡ ಹಲ್ಲು ತೋರಿಸಿ, ತಟ್ಟೆ ಮುಂದೆ ಮಾಡಿ, ಇನ್ನೊಂದು ತಗೊಳ್ಳಿ ಎಂದು ಉಪಚರಿಸಿದಳು. ಅಂಗಡಿಯ ಸ್ಕೋನ್ ಎಂದು ಮಾತ್ರ ಒತ್ತಿ ಹೇಳಿದಳು.

ಸ್ವಲ್ಪ ಹೊತ್ತು ಅವರೊಬ್ಬರ ಜೊತೆಯೇ ಮಾತಾಡಬಹುದಾ ಎಂದು ನೈರಿ ಕೇಳಿದಳು. ನಮ್ಮಲ್ಲಿ ಗುಟ್ಟಿಲ್ಲ ಅಂದೆ. ನೈರಿ ನನ್ನನ್ನು ಬಿಟ್ಟು ನೋಲೀನಳನ್ನೇ ನೋಡಿದಳು. "ಇರ್ಲಿ ಬಿಡಿ, ಅವ್ನೇ ಹೇಳ್ತಾನೆ" ಅಂದಳು ನೋಲೀನ್. ಸಾಯುವ ಯೋಚನೆಯ ಪ್ರಶ್ನೆ ಇಲ್ಲೂ ಬಂತು. ಅವಳು ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಕೋವಿ ಇದೆಯೇ? ಬೀಗದೊಳಗಿದೆ, ಪರವಾನಗಿಯಿದೆ, ಬೇಕಾದರೆ ತೋರಿಸುತ್ತೇನೆ ಅಂದೆ.

ಹೊರಡುವಾಗ ನೈರಿ ಕೈಗೆ ನಂಬರು ಕೊಟ್ಟಳು. ನನಗಲ್ಲ, ನೋಲೀನಳಿಗೆ. ನಾಳೆ ಫೋನು ಮಾಡುತ್ತೇವೆ ಎಂದಳು.

ಒಟ್ಟಿನಲ್ಲಿ ಚೆನ್ನಾಗಿಯೇ ನಡೆಯಿತು. ಕಪ್ಪು ತೊಳೆಯುತ್ತಿದ್ದಾಗ ನೋಲೀನ್ ಹಿಂದಿನಿಂದ ಅಂದಳು: "ಚೆನ್ನಾಗಿ ಕೂಗ್ದೆ. ಆದ್ರೆ ಯಾರೂ ಕೊಂಡ್ಕೊಳ್ಲಿಲ್ಲ, ಲೈಲ್."

ಹೊಗಳಿಕೆಯೋ ಏನೋ. ಅಂಗಿ ಬದಲಿಸದೆ ಹಾಗೆಯೇ ಮಲಗಿದ್ದಾಳೆ.

ಜೂನ್ 11, ಬುಧವಾರ

ತಂಡದವರ ಫೋನು ಸಂತೆಯ ನಡುವೆ ನನಗೇ ಬಂತು. ಮನೆಯದನ್ನು ಎತ್ತಲಿಲ್ಲವಂತೆ. ತೋಟದಲ್ಲಿರಬೇಕು, ಚೆನ್ನಾಗಿದ್ದಾಳೆ ಅಂದೆ. ಅವಳ ದನಿ ಕೇಳಬೇಕು, ಸಂಜೆ ಮತ್ತೆ ಮಾಡುತ್ತೇವೆ ಅಂದರು. ಸಂಜೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಚೆನ್ನಾಗಿದ್ದೀನಿ ಅಂದಳು.

ಮರಿಗಳ ದರ ಏರಿದೆ.

ಜೂನ್ 18, ಬುಧವಾರ

ಮಧ್ಯಾಹ್ನಕ್ಕೆ ಮುಂಚೆ, ಮುದಿ ಕುರಿಗಳ ದೊಡ್ಡಿಯ ಮೇಲೆ ನಿಂತು ಕೂಗುತ್ತಿದ್ದೆ. ಇಬ್ಬರ ನಡುವೆ ಪೈಪೋಟಿ ಕಾವೇರಿತ್ತು. ಆಗ ಸೆಡ್ರಿಕ್‌ನ ಲಾರಿ ಇಳಿಜಾರಿಗೆ ಬಂದು ನಿಂತದ್ದು ಕಂಡಿತು. ಕುರಿ ಸಾಗಿಸುವ ಸೆಡ್ರಿಕ್ ನನ್ನ ಹಳೆಯ ಗೆಳೆಯ. ಇಳಿದವನೇ ಗೇಟು ತೆಗೆಯಬೇಕಾದವನು, ಇನ್ನೊಂದು ಬದಿಗೆ ಹೋಗಿ ಬಾಗಿಲು ತೆಗೆದ. ನೋಲೀನ್ ಇಳಿದಳು. ಮನೆಯ ಚಪ್ಪಲಿ, ನಿಲುವಂಗಿ, ಮೇಲೆ ಸೆಡ್ರಿಕ್‌ನ ಕೋಟು.

ಭೂಕಂಪವಾದ ದಿನವೂ ನಾನು ಸವಾಲು ಮುಗಿಸಿಯೇ ಕೆಳಗಿಳಿದವನು. ಇವತ್ತು ಬಾಯಲ್ಲಿದ್ದ ಅಂಕಿ ಬಾಯಲ್ಲೇ ಉಳಿಯಿತು.

ನದಿಯ ಸೇತುವೆಯ ಹತ್ತಿರ ಅವಳ ಕಾರು ಬಾಗಿಲು ತೆರೆದು ನಿಂತಿತ್ತಂತೆ. ಅವಳು ಬೇಲಿಯ ಬಳಿ ನೀರು ನೋಡುತ್ತಾ ನಿಂತಿದ್ದಳಂತೆ. ಸೆಡ್ರಿಕ್ ಏನೂ ಕೇಳದೆ ಕೋಟು ಹೊದಿಸಿ ಲಾರಿ ಹತ್ತಿಸಿದ್ದಾನೆ. "ಎಲ್ಲಿಗ್ ಕರ್ಕೊಂಡ್ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೋ. ಕುರಿ ಬೇರೆ ತುಂಬಿತ್ತು. ಇಲ್ಲಿಗೇ ಬಂದೆ."

ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಮೆರ್ಲ್ ಅವಳ ಕೈಗೆ ಬಿಸಿ ಕಪ್ಪು ಕೊಟ್ಟು ಭುಜ ಹಿಡಿದು ಕೂತಳು. ಫ್ಲೂ ಬಗ್ಗೆ ಯಾರೂ ಕೇಳಲಿಲ್ಲ. ನಾನು ಫೋನು ಹಿಡಿದೆ. ಈಗ ಎಲ್ಲಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ, ಗಾಯವೇನಾದರೂ ಆಗಿದೆಯಾ ಎಂದು ಕೇಳಿದ ಮೇಲೆ ಅದೇ ಪ್ರಶ್ನೆ ಬಂತು.

"ಹೌದು" ಅಂದೆ. "ಸಾಯ್ಬೇಕು ಅನ್ನೋ ಥರ ಮಾತಾಡಿದ್ಲು. ಬಹಳ ದಿನ ಆಯ್ತು. ನಾನು ನಿಮ್ಗೆ ಹೇಳ್ಲಿಲ್ಲ."

"ಈಗ ಹೇಳಿದ್ರಲ್ಲ" ಅಂದಳು ಆಚೆಯವಳು. "ಅವ್ರನ್ನ ಒಬ್ರೇ ಬಿಡ್ಬೇಡಿ. ಮನೆಗೆ ಹೋಗಿರಿ. ಹೊರಟ್ವಿ."

ನೈರಿ, ಟವಿಟಾ ಇಬ್ಬರೂ ಬಂದರು. ಮನೆ ಹೇಗಿತ್ತೋ ಹಾಗೆಯೇ ಇತ್ತು. ಸಿಂಕಿನಲ್ಲಿ ಪಾತ್ರೆ, ಒಲೆಯಲ್ಲಿ ಬೂದಿ. ನಾನು ಬಾಯಿ ತೆರೆಯುವಷ್ಟರಲ್ಲಿ ನೈರಿ ಅಂದಳು: "ಲೈಲ್, ಸೌದೆ ಮುಗಿದ ಹಾಗಿದೆ. ಟವಿಟಾನ್ನ ಕರ್ಕೊಂಡ್ ಹೋಗಿ."

ಸೌದೆಯ ರಾಶಿಯ ಬಳಿ ಟವಿಟಾ ಮೊದಲು ಕೋವಿಯ ವಿಷಯ ಎತ್ತಿದ. ಬೀಗ ಭದ್ರವಿದೆ ಅಂದೆ. ಬೀಗದ ಕೈ ಎಲ್ಲಿದೆ ಎಂದು ಅವರಿಗೆ ಗೊತ್ತಿದೆಯಾ ಅಂದ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದವಳಿಗೆ ಯಾವ ಬೀಗದ ಕೈ ಗೊತ್ತಿರುವುದಿಲ್ಲ? ಸೆಡ್ರಿಕ್‌ಗೂ ಪರವಾನಗಿ ಇದೆ. ಕರೆದಾಗ ಬಂದು ಎರಡೂ ಕೋವಿಗಳನ್ನು ತನ್ನ ಮನೆಯ ಬೀಗದೊಳಗೆ ಇಡಲು ಒಯ್ದ.

ಆಮೇಲೆ ಟವಿಟಾ ಕೇಳಿದ್ದು: "ನಿಮ್ಗೆ ನಿದ್ದೆ ಬರ್ತಿದ್ಯಾ?"

ಜೋಕೊಂದು ನಾಲಗೆಯ ತುದಿಗೆ ಬಂದು ಹೊರಬಿತ್ತು. ಅವನು ಮುಗುಳ್ನಕ್ಕು ಸುಮ್ಮನೆ ನಿಂತ. ಕೊಡಲಿ ಅವನ ಕೈಯಲ್ಲಿ ಹಲ್ಲುಕಡ್ಡಿಯ ಹಾಗಿತ್ತು. ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನು ಸೋತ ಎಂದು ಹೊಸಬರಿಗೆ ಪಾಠ ಹೇಳುವವನು ನಾನು. ಅವನು ಕಾದ. ನಾನೇ ಬಾಯಿಬಿಟ್ಟೆ. ಏನೇನು ಹೇಳಿದೆನೋ. ಅವಳು ಪಕ್ಕದಲ್ಲಿ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಕಿವಿಗೊಟ್ಟು ಮಲಗುವುದನ್ನೂ ಹೇಳಿದೆನೆಂದು ಕಾಣುತ್ತದೆ. ಸೌದೆಯಂತೂ ಮುಂದಿನ ಚಳಿಗಾಲಕ್ಕೂ ಸಾಕಾಗುವಷ್ಟು ಒಡೆದೆವು.

ಅಲ್ಲಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ. ಗಾಜಿನಾಚೆ ನೋಲೀನ್ ಮಾತಾಡುತ್ತಿದ್ದಳು. ಕೈ ಆಡಿಸಿ, ನಿಲ್ಲಿಸಿ, ಮತ್ತೆ ಆಡಿಸಿ. ಒಂದಕ್ಷರ ಕೇಳಿಸಲಿಲ್ಲ. ಅವಳ ಹತ್ತಿರ ಇಷ್ಟು ಮಾತು ದಾಸ್ತಾನಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಒಳಗೆ ಕರೆದು ನೈರಿ ಮೂರು ದಾರಿ ಮುಂದಿಟ್ಟಳು. ಆಸ್ಪತ್ರೆ, ಅದು ಬೇಕೇಬೇಕೆನಿಸಿದರೆ ಮಾತ್ರ. ಅಥವಾ ಮನೆಯಲ್ಲೇ ಇರುವುದು, ತಂಡದವರು ದಿನಾ ಬಂದು ನೋಡುವುದು. ಅಥವಾ ಪಾಮರ್ಸ್ಟನ್ ಪಟ್ಟಣದಲ್ಲಿ ಇಂಥವರಿಗೆಂದೇ ಇರುವ ಒಂದು ಮನೆ. ಕೆಲವು ದಿನ ತಂಗಬಹುದು, ಹಗಲೂ ರಾತ್ರಿ ಯಾರಾದರೂ ಎಚ್ಚರವಿರುತ್ತಾರೆ. ಮನೆಯೇ ಮೇಲು, ಇಲ್ಲಿ ಎಲ್ಲವೂ ಇದೆ, ನಾನಿದ್ದೇನೆ ಎಂದು ಶುರುಮಾಡಿದ್ದೆ. ನೈರಿ ಕೈ ಎತ್ತಿದಳು. ಸಂತೆಯಲ್ಲಾದರೆ ಅದು ಸವಾಲು. ಇಲ್ಲಿ ಅದು ಸುಮ್ಮನಿರು ಎಂಬುದು.

"ನೋಲೀನ್, ನಿಮ್ಗೇನ್ ಬೇಕು?"

"ಆ ಮನೆಗ್ ಹೋಗ್ತೀನಿ" ಅಂದಳು. "ನನ್ನ ನಗಿಸದೇ ಇರೋ ಜಾಗ ಬೇಕು. ಸ್ವಲ್ಪ ದಿನ."

ಚೀಲ ನಾನೇ ತುಂಬಿದೆ. ನೀಲಿ ಅಂಗಿ ಇಟ್ಟೆ. ಅವಳು ಅದನ್ನು ತೆಗೆದು ಹಳೆಯ ಸ್ವೆಟರ್ ಹಾಕಿದಳು.

ಜೂನ್ 22, ಭಾನುವಾರ

ಆ ಮನೆಗೆ ಬೋರ್ಡಿಲ್ಲ. ಹಳದಿ ಗೋಡೆ, ಮುಂದೆ ನಿಂಬೆಗಿಡ, ಸಾಲಿನ ಬೇರೆ ಮನೆಗಳ ಹಾಗೆಯೇ. ಇದ್ದಷ್ಟು ಹೊತ್ತಿಗಾಗುವಂತೆ ಸಂತೆಯ ಸುದ್ದಿ, ನಗೆಹನಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಅವಳು ದೊಡ್ಡ ಮೇಜಿನ ಮೇಲೆ ಚೂರು ಜೋಡಿಸುವ ಚಿತ್ರದ ಮುಂದೆ ಕೂತಿದ್ದಳು. ಮೊದಲನೆಯ ಸುದ್ದಿ ಅರ್ಧ ಆಗಿತ್ತು.

"ಲೈಲ್, ಇವತ್ ಸುಮ್ನೆ ಕೂತ್ಕೋ."

ಕೂತೆ. ಇಬ್ಬರೂ ಆಕಾಶದ ಚೂರು ಹುಡುಕಿದೆವು. ನೀಲಿಯಲ್ಲಿ ಇಷ್ಟು ಬಗೆಯಿರುತ್ತದೆಂದು ಕಂಡಿರಲಿಲ್ಲ. ಎದ್ದಾಗ ಅವಳು ಬಾಗಿಲವರೆಗೆ ಬಂದಳು. ಅವಳನ್ನು ಬಿಟ್ಟುಬಂದ ದಿನ ಬಂದಿರಲಿಲ್ಲ.

ಮನೆ ತಣ್ಣಗಿದೆ. ಸೌದೆ ಬೇಕಾದಷ್ಟಿದೆ. ಒಬ್ಬನಿಗೆ ಯಾಕೆ ಹಚ್ಚುವುದು.

ಜೂನ್ 27, ಶುಕ್ರವಾರ

ಮನೆಗೆ ಬಂದಳು. ಮಾತ್ರೆಯನ್ನು ಎರಡು ಮೂರು ದಿನಕ್ಕಾಗುವಷ್ಟೇ ಕೊಡುತ್ತಾರೆ. ಮುಗಿದ ಹಾಗೆ ತಂದುಕೊಡುತ್ತಾರೆ. ಕೆಲಸ ತೋರಿಸಲು ವಾರಗಳಾಗುತ್ತವಂತೆ. ಬಿತ್ತಿದ ಮರುದಿನ ಹುಲ್ಲು ಮೇಯಿಸುವುದಕ್ಕಾಗುತ್ತದೆಯೇ ಎಂದು ನೈರಿ ನನ್ನ ಭಾಷೆಯಲ್ಲೇ ಹೇಳಿದಳು. ನನಗೊಂದು ಕೆಲಸ ಕೊಟ್ಟಿದ್ದಾಳೆ: ಸಾಯುವ ಯೋಚನೆ ಇದೆಯಾ ಎಂದು ದಿನಕ್ಕೊಮ್ಮೆ ಅವಳನ್ನು ನೇರವಾಗಿ ಕೇಳುವುದು, ಕೇಳಿ ಬಾಯಿ ಮುಚ್ಚುವುದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂದು ನನ್ನ ಭಯ. ಹೊಗುವುದಿಲ್ಲ, ಒಳಗಿರುವುದು ಹೊರಗೆ ಬರಲು ಬಾಗಿಲು ಸಿಗುತ್ತದೆ ಅಂದಳು.

ಇವತ್ತು ಆಗಲಿಲ್ಲ. ಊಟ ರುಚಿಯಾಗಿದೆಯಾ ಎಂದು ಕೇಳಿ ಎದ್ದುಬಿಟ್ಟೆ.

ಜುಲೈ 5, ಶನಿವಾರ

ಈ ತಂಡದ ಮೇಲೆ ನನಗೊಂದು ದೂರಿದೆ. ದಿನಕ್ಕೊಂದು ಹೊಸ ಮುಖ. ನೈರಿಗೆ ರಜೆ, ಟವಿಟಾ ರಾತ್ರಿ ಪಾಳಿ, ಇವತ್ತು ಬಂದವಳು ಎಳೆಯ ಹುಡುಗಿ. ಬಂದವರಿಗೆಲ್ಲ ನಮ್ಮ ಕಥೆ ಮೊದಲಿನಿಂದ ಹೇಳಬೇಕು. ನೋಲೀನ್ ಹೇಳುತ್ತಿದ್ದಳು. ಸೇತುವೆಗೆ ಹೋದ ದಿನ ಹಿಮ ಬಿದ್ದಿತ್ತು ಅಂದಳು. ಹಿಮವಲ್ಲ, ಮಳೆ ಅಂದೆ.

"ಹೇಳೋದು ನಾನಾ, ನೀನಾ?"

ಆ ಹುಡುಗಿ ತಲೆ ತಗ್ಗಿಸಿ ನಗು ನುಂಗಿಕೊಂಡಳು. ಇರಲಿ, ಹಿಮವೇ ಇದ್ದಿರಬೇಕು.

ಮಧ್ಯಾಹ್ನ ಕೆಟ್ಟದಾಯಿತು. ನೋಲೀನ್ ಮತ್ತೆ ಬಕೆಟ್ಟಿನ ಮೇಲೆ, ಮುಖ ಗೋಡೆಗೆ. ನೆಲದ ಮೇಲೆ ಪಕ್ಕದಲ್ಲಿ ಕೂತೆ. ಮೊಣಕಾಲು ಕಟಕಟ ಅಂದವು. ಕೇಳಿದೆ. ಸುತ್ತಿಬಳಸದೆ, ಸಾಯುವುದು ಎಂಬ ಶಬ್ದವನ್ನೇ ಹಾಕಿ ಕೇಳಿದೆ.

"ಹೂಂ" ಅಂದಳು. "ಈಗ ಇದೆ."

ಫೋನು ಅವಳೇ ಮಾಡಿದಳು, ನೈರಿ ಅವಳ ಕೈಗೆ ಕೊಟ್ಟಿದ್ದ ನಂಬರಿಗೆ. ನಾನು ಪಕ್ಕದಲ್ಲಿ ಕೂತಿದ್ದೆ. ಆಚೆಯವರು ಬಹಳ ಹೊತ್ತು ಜೊತೆಗಿದ್ದರು. ಸಂಜೆಗೆ ಇಬ್ಬರು ಬಂದರು.

ಜುಲೈ 16, ಬುಧವಾರ

ಸೆಡ್ರಿಕ್ ಅನ್ನುತ್ತಾನೆ, ಹಲಗೆಯ ಮೇಲೆ ನಿಂತು ನಾನೀಗ ನಿಧಾನವಾಗಿದ್ದೇನಂತೆ. ಎರಡು ಸವಾಲಿನ ನಡುವೆ ಸಿಗರೇಟು ಸೇದಿ ಬರಬಹುದಂತೆ. ಸುಳ್ಳು. ಗಂಟಲು ಕಟ್ಟಿತ್ತು ಅಷ್ಟೇ. ಆದರೆ ಕೊಳ್ಳುವವರಿಗೆ ಯೋಚಿಸಲು ಸಮಯ ಸಿಕ್ಕಿ ಎರಡು ದೊಡ್ಡಿ ಮುದಿ ಕುರಿ ಒಳ್ಳೆಯ ಬೆಲೆಗೆ ಹೋದವು.

ಗುರುವಾರ ಸಂಜೆಗಳಲ್ಲಿ ಅವನ ಮನೆಗೆ ಹೋಗುತ್ತಿದ್ದೇನೆ. ಯಾಕೂ ಅಲ್ಲ. ಅವನ ಒಲೆ ಚೆನ್ನಾಗಿ ಉರಿಯುತ್ತದೆ.

ಜುಲೈ 25, ಶುಕ್ರವಾರ

ತುರ್ತು ತಂಡದವರು ಇವತ್ತಿಗೆ ಮುಗಿಸಿದರು. ಇನ್ನು ಮುಂದೆ ಪಾಮರ್ಸ್ಟನ್‌ನ ಕ್ಲಿನಿಕ್ಕು, ಹದಿನೈದು ದಿನಕ್ಕೊಮ್ಮೆ, ಒಬ್ಬಳೇ ನರ್ಸು, ಅದೇ ಮುಖ. ನೋಲೀನಳಿಗೆ ಪೂರ್ತಿ ವಾಸಿಯಾಯಿತೇ ಎಂದು ಕೇಳಿದೆ. ಇಲ್ಲ, ದಿನಾ ನಾವು ಬೇಕಾಗಿಲ್ಲ ಅಷ್ಟೇ ಅಂದಳು ನೈರಿ. ಬೇಕಾದರೆ ನಂಬರು ಅದೇ ಇದೆ.

ಸ್ಕೋನ್ ನಾನೇ ಬೇಯಿಸಿದ್ದೆ, ಗ್ಲಾಸಿನ ಬಾಯಲ್ಲಿ ಕತ್ತರಿಸಿ. ಅವುಗಳಿಂದ ಬೇಲಿಯ ಗೂಟ ಹೊಡೆಯಬಹುದಿತ್ತು, ಅಷ್ಟು ಗಟ್ಟಿ. ಟವಿಟಾ ನಾಲ್ಕು ತಿಂದ. ನೋಲೀನ್ ಒಂದನ್ನು ಮೇಜಿಗೆ ಕುಟ್ಟಿ ನೋಡಿ, "ಮೆರ್ಲ್ ಹತ್ರ ಹೋಗಿ ಅಚ್ಚು ವಾಪಸ್ ಇಸ್ಕೊಂಡ್ ಬರ್ಬೇಕು" ಅಂದಳು.

ನಾನು ಕೇಳಿಸಿಕೊಂಡೆ. ನೈರಿಯೂ ಕೇಳಿಸಿಕೊಂಡಳು.

ಆಗಸ್ಟ್ 6, ಬುಧವಾರ

ಸಂತೆ ಬೇಗ ಮುಗಿಯಿತು. ಮನೆಗೆ ಬಂದಾಗ ಅವಳು ಒಗೆದ ಬಟ್ಟೆ ತಂತಿಗೆ ಹಾಕುತ್ತಿದ್ದಳು. ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತೆ. ಕೇಳಿದೆ.

"ಆ ಯೋಚನೆ ಬೆಳಗ್ಗೆ ಬಂತು. ಮಧ್ಯಾಹ್ನ ಹೋಯ್ತು" ಅಂದಳು.

ಮೊದಲಾದರೆ ಇಲ್ಲೊಂದು ಮಾತು ತುರುಕುತ್ತಿದ್ದೆ. ಬಾಯಿ ತೆರೆದದ್ದೂ ಹೌದು. ಅವಳು ಓರೆಯಾಗಿ ನೋಡಿದಳು.

"ಏನು, ಇವತ್ ಕೂಗಲ್ವಾ?"

"ಇಲ್ಲ. ನೀನ್ ಹೇಳು."

ಒಂದು ಸಲ, ಎರಡು ಸಲ ಎಂದು ಕೂಗಿ ಸುತ್ತಿಗೆ ಬೀಳುವ ಮುಂಚೆ ಒಂದು ಉಸಿರಿನಷ್ಟು ತೆರಪು ಇರುತ್ತದೆ. ಅದಕ್ಕಿಂತ ದೊಡ್ಡ ತೆರಪು ಬಿಟ್ಟವನಲ್ಲ ನಾನು. ಇವತ್ತಿನ ತೆರಪಿನಲ್ಲಿ ಒಂದು ಅಂಗಿ, ಎರಡು ಹಾಸಿಗೆಬಟ್ಟೆ, ನನ್ನ ಕಾಲುಚೀಲಗಳಷ್ಟೂ ತಂತಿಗೇರಿದವು. ಕ್ಲಿಪ್ಪು ಕೊಡುತ್ತಾ ಹೋದೆ. ಆಮೇಲೆ ಅವಳು ಶುರುಮಾಡಿದಳು. ಬುಟ್ಟಿ ಖಾಲಿಯಾದ ಮೇಲೂ ನಿಂತೇ ಹೇಳಿದಳು, ತೋಳು ಚಳಿಗೆ ಕೆಂಪಾಗುವವರೆಗೆ.

ಏನು ಹೇಳಿದಳೆಂದು ಬರೆಯಲು ಈಗ ಡೈರಿ ತೆಗೆದೆ. ಬೇಡ, ಅದು ಅವಳ ಮಾತು.

ಗಾಳಿ ದಕ್ಷಿಣದಿಂದಲೇ. ಬಟ್ಟೆ ಒಣಗುತ್ತದೆ. ಮುದಿ ಕುರಿಗಳಿಗೆ ಗಿರಾಕಿ ಬಂದಿದ್ದಾರೆ.